ಏಕಾಂತಯ್ಯನವರ ಕಾಲ್ಗುಣ

ಏಕಾಂತಯ್ಯನವರು ಒಳಗೆ ಬಂದರೆ ಕಂಪ್ಯೂಟರ್ ಕೆಡುತ್ತದೆ ಎಂಬ ಮಾತನ್ನು ಮೊದಲು ಯಾರು ಆಡಿದರೋ ವೇದವತಿಗೆ ನೆನಪಿಲ್ಲ. ಸಿದ್ಧಾರ್ಥನಗರದ ಅವಳ ಡಿಟಿಪಿ ಅಂಗಡಿಯಲ್ಲಂತೂ ಆ ಮಾತು ಬೇರುಬಿಟ್ಟಿತ್ತು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳಿಗೆ ಇದನ್ನು ಒಪ್ಪಲು ಮನಸ್ಸಿರಲಿಲ್ಲ. ಅಲ್ಲಗಳೆಯೋಣವೆಂದರೆ, ಅವರು ಬಂದು ಕೂತಾಗಲೆಲ್ಲ ಪರದೆ ಇದ್ದಕ್ಕಿದ್ದಂತೆ ನೀಲಿಯಾಗಿ, ಬಿಳಿ ಅಕ್ಷರದಲ್ಲಿ ಏನೋ ಬಡಬಡಿಸಿ, ಯಂತ್ರ ಸ್ತಬ್ಧವಾಗುತ್ತಿದ್ದುದೂ ನಿಜವೇ.

ಏಕಾಂತಯ್ಯನವರ ತಂಗಿ ಪುಟ್ಟಬಸಮ್ಮನವರ ಮಗಳ ಲಗ್ನಪತ್ರಿಕೆ ಅಲ್ಲಿ ತಯಾರಾಗುತ್ತಿತ್ತು. ಆ ಮನೆಯಲ್ಲಿ ಪತ್ರಿಕೆಯೆಂದರೆ ಹುಡುಗಾಟವಲ್ಲ. ಮಠದ ಸ್ವಾಮಿಗಳ ಹೆಸರು ಎಲ್ಲಿ, ಯಾವ ಚಿಕ್ಕಪ್ಪ ಯಾರ ಮೇಲೆ, ಯಾವ ಭಾವ ಯಾರ ಕೆಳಗೆ ಎಂದು ನೋಡಿ ಒಪ್ಪಬೇಕಾದವರು ಹಿರಿಯರಾದ ಏಕಾಂತಯ್ಯನವರು. ಕಣ್ಣಿನ ಆಪರೇಷನ್ ಆದ ಮೇಲೆ ಕಾಗದದ ಸಣ್ಣಕ್ಷರ ಕಾಣುವುದಿಲ್ಲವೆಂದು ಅವರು ಪರದೆಯ ಮುಂದೆಯೇ ಕೂರುತ್ತಿದ್ದರು.

ವೇದವತಿ ಸುಮ್ಮನೆ ಕೂತವಳಲ್ಲ. ಯುಪಿಎಸ್ ಬದಲಿಸಿದ್ದಳು. ಕಂಪ್ಯೂಟರಿನ ಡಬ್ಬ ಬಿಚ್ಚಿ, ಆಯುಧಪೂಜೆಯಲ್ಲಿ ಒಳಗೆ ಉದುರಿದ್ದ ವಿಭೂತಿ ಕುಂಕುಮವನ್ನೆಲ್ಲ ಬ್ರಷ್ಷಿನಿಂದ ತೆಗೆದಿದ್ದಳು. ವೈರಸ್ ಹುಡುಕಿಸಿದ್ದಳು. ರಿಪೇರಿಯ ಶಿವಕುಮಾರ್ ಮಾತ್ರ ಪ್ರತಿಸಲವೂ "ಫಾರ್ಮ್ಯಾಟ್ ಮಾಡ್ಬುಡೋಣ ಮೇಡಂ" ಎನ್ನುತ್ತಿದ್ದ. ಎಲ್ಲ ಕಾಯಿಲೆಗೂ ಅವನದು ಅದೊಂದೇ ಮದ್ದು.

ಆ ಬೆಳಿಗ್ಗೆ ಅಣ್ಣತಂಗಿ ಇಬ್ಬರೂ ಬಂದರು. ಏಕಾಂತಯ್ಯನವರು ಕನ್ನಡಕ ಒರೆಸಿಕೊಂಡು ಕೂತರು.

"ಹೆಸರು ಕಾಣ್ತಿಲ್ಲ ಕಣಮ್ಮ, ಚೂರು ದೊಡ್ಡದು ಮಾಡು."

ವೇದವತಿ ಮಾಡಿದಳು.

"ಇನ್ನೂ ಚೂರು."

ಪರದೆ ನೀಲಿಯಾಯಿತು.

"ನೋಡಿದ್ಯಾ!" ಪುಟ್ಟಬಸಮ್ಮನವರು ಸೊಂಟಕ್ಕೆ ಕೈಯಿಟ್ಟರು. "ನಾ ಹೇಳ್ಲಿಲ್ವಾ? ಎಲ್ಲಾ ನಿನ್ನ ಕಾಲ್ಗುಣ ಕಣಣ್ಣ."

"ನನ್ನ ಕಾಲಲ್ಲಿರೋದು ಮಂಡಿನೋವು ಕಣೇ, ಬೇರೆ ಏನೂ ಇಲ್ಲ."

"ತಮಾಷೆ ಅಲ್ಲ. ನಂಗೆ ಯಾಕೋ ಭಯ ಆಗ್ತೈತೆ. ಹುಡುಗೀನ ಮಂಟಪಕ್ಕೆ ಕರ್ಕೊಂಡ್ಬರೋ ಶಾಸ್ತ್ರ ಮಹಾಂತೇಶನ ಕೈಲಿ ಮಾಡಿಸ್ಬುಡೋಣ. ಅವ್ನೂ ಸೋದರಮಾವನೇ ತಾನೆ?"

ಏಕಾಂತಯ್ಯನವರ ಮುಖದ ನಗು ಅಳಿಸಿಹೋಯಿತು. ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರಾ ಮೆರವಣಿಗೆ ತೋರಿಸಿದವರು ಅವರು. ಸೈಕಲ್ ಕಲಿಸಿದವರೂ ಅವರೇ.

"ಹಂಗೇ ಆಗ್ಲಿ ಬುಡು. ಮಗು ಚೆನ್ನಾಗಿದ್ರೆ ಸಾಕು" ಎಂದು ಎದ್ದರು.

ವೇದವತಿ ನೀಲಿ ಪರದೆಯನ್ನೇ ನೋಡುತ್ತ ಲೆಕ್ಕ ಹಾಕಿದಳು. ಇವರು ಬಂದಾಗ ಅಂಗಡಿಯಲ್ಲಿ ಬೇರೆ ಏನು ಬದಲಾಗುತ್ತದೆ? ಫ್ಯಾನು ಅದೇ, ಕರೆಂಟು ಅದೇ. ಆದರೆ "ದೊಡ್ಡದು ಮಾಡು, ಇನ್ನೂ ದೊಡ್ಡದು ಮಾಡು" ಎಂದು ಕೇಳುವ ಗಿರಾಕಿ ಇವರೊಬ್ಬರೇ! ಈ ಮನುಷ್ಯ ಮತ್ತು ಆ ಹಿಗ್ಗಿದ ಅಕ್ಷರ, ಎರಡೂ ಯಾವಾಗಲೂ ಜೊತೆಯಾಗಿಯೇ ಬರುತ್ತಿದ್ದವು. ಬಿಡಿಸಿ ನೋಡಬೇಕಿತ್ತು.

"ಕೂತ್ಕೊಳಿ ಸಾರ್. ಒಂದು ಪರೀಕ್ಷೆ ಮಾಡ್ಬೇಕು."

"ನನ್ನ ಮೇಲಾ?"

"ನಿಮ್ಮ ಮೇಲೇ."

ಅವರು ಫೋಟೋ ಸ್ಟುಡಿಯೋದಲ್ಲಿ ಕೂತವರಂತೆ ನೆಟ್ಟಗೆ ಕೂತರು. ಕಂಪ್ಯೂಟರನ್ನು ಮತ್ತೆ ಶುರುಮಾಡಿ ವೇದವತಿ ಮಾಮೂಲಿ ಗಾತ್ರದಲ್ಲೇ ಪುಟಗಟ್ಟಲೆ ಟೈಪು ಮಾಡಿದಳು. ಪಕ್ಕದ ಕ್ಯಾಂಟೀನಿನಿಂದ ಕಾಫಿ ಬಂತು, ಲೋಟ ಬರಿದಾಯಿತು. ಪುಟ್ಟಬಸಮ್ಮನವರು ಒಲೆಯ ಮೇಲಿನ ಹಾಲನ್ನು ಕಾಯುವಂತೆ ಪರದೆಯನ್ನೇ ಕಾದರು. ಏನೂ ಆಗಲಿಲ್ಲ.

"ಈಗ ಗಳಿಗೆ ಚೆನ್ನಾಗಿರ್ಬೇಕು" ಎಂದರು ಪುಟ್ಟಬಸಮ್ಮನವರು.

"ಸರಿ. ಸಾರ್, ನೀವು ಎದುರುಗಡೆ ಹೊಂಗೆ ಮರದ ಹತ್ರ ಹೋಗಿ ನಿಂತ್ಕೊಳಿ."

ಏಕಾಂತಯ್ಯನವರು ರಸ್ತೆ ದಾಟಿ ಅಲ್ಲಿಂದಲೇ ಕೂಗಿದರು: "ಇಷ್ಟು ದೂರ ಸಾಕೇನಮ್ಮ, ಇಲ್ಲಾ ಬೆಟ್ಟ ಹತ್ಬೇಕಾ?"

ವೇದವತಿ ಅಕ್ಷರವನ್ನು ಹಿಗ್ಗಿಸಿದಳು. ಮತ್ತೂ ಹಿಗ್ಗಿಸಿದಳು. ಪರದೆ ನೀಲಿ.

"ಬಿತ್ತು! ಬಿತ್ತು!" ಎಂದು ಚಪ್ಪಾಳೆ ತಟ್ಟಿದಳು.

"ಕೆಟ್ಟೋದ್ರೆ ಯಾರಾದ್ರೂ ಕುಣೀತಾರೇನೇ ಹುಡುಗಿ?"

"ನಿಮ್ಮಣ್ಣ ಅಲ್ಲಿದ್ದಾರೆ. ಇದು ಇಲ್ಲಿ ಕೆಟ್ಟಿದೆ. ನೀವೇ ಹೇಳಿ."

ಪುಟ್ಟಬಸಮ್ಮನವರು ಯೋಚಿಸಿದರು. "ಬಾಗಿಲಿಂದ ಇಣುಕಿದ್ನೇನೋ" ಎಂದರು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ವೇದವತಿಗೆ ಈಗ ದಾರಿ ಸಿಕ್ಕಿತ್ತು. ಹಿಂದಿನ ತಿಂಗಳು ಹೊಸ ಮಾನಿಟರ್ ತಂದ ಶಿವಕುಮಾರ್, ಬಣ್ಣ ಚೆನ್ನಾಗಿ ಬರುತ್ತದೆಂದು ಯಾವುದೋ ಸೀಡಿಯಿಂದ ಹೊಸ ಡ್ರೈವರ್ ಹಾಕಿದ್ದ. ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡಿಗೆ ಕಂಪ್ಯೂಟರಿನ ಅಪ್ಪಣೆಯನ್ನು ತಲುಪಿಸುವ ಸಣ್ಣ ತಂತ್ರಾಂಶ ಅದು. ಸಣ್ಣಪುಟ್ಟ ಕೆಲಸಕ್ಕೆ ಸರಿಯಿತ್ತು. ಅಕ್ಷರವನ್ನು ಒಮ್ಮೆಲೇ ಹಿಗ್ಗಿಸು ಎಂದರೆ ತಬ್ಬಿಬ್ಬಾಗಿ ಇಡೀ ಯಂತ್ರವನ್ನೇ ಕೆಡವುತ್ತಿತ್ತು. ಅವಳು ಅದನ್ನು ಕಿತ್ತುಹಾಕಿ, ಕಾರ್ಡಿನ ಜೊತೆಗೇ ಬಂದಿದ್ದ ಹಳೆಯ ಡ್ರೈವರನ್ನು ಹಾಕಿದಳು. ಬಣ್ಣ ಕೊಂಚ ಮಂಕಾಯಿತು. ಆಗಲಿ.

"ಬನ್ನಿ ಸಾರ್! ಎಷ್ಟು ದೊಡ್ಡದು ಮಾಡ್ಲಿ?"

"ಚೂರು" ಎಂದರು ಏಕಾಂತಯ್ಯನವರು ಅಳುಕುತ್ತ. ಆಯಿತು. "ಇನ್ನೂ ಚೂರು." ಅದೂ ಆಯಿತು. ಕೊನೆಗೆ ವಧುವಿನ ಹೆಸರಿನ ಮೊದಲ ಅಕ್ಷರವೊಂದೇ ಪರದೆಯ ತುಂಬ ಹರಡಿ ಕೂತಿತು. ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ.

ಏಕಾಂತಯ್ಯನವರು ತಂಗಿಯತ್ತ ತಿರುಗಿದರು. ಪುಟ್ಟಬಸಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಮಹಾಂತೇಶಂಗೆ ಏನೂ ಗೊತ್ತಾಗಲ್ಲ. ಹುಡುಗೀನ ನೀನೇ ಕರ್ಕೊಂಡ್ಬಾ. ಆದ್ರೆ ಆ ಹಳೇ ಕೋಟು ಹಾಕ್ಕೊಂಡ್ಬಂದ್ರೆ ಮಾತ್ರ ನಾ ಸುಮ್ನಿರಲ್ಲ."

"ಕೋಟಿಗೇನಾಗೈತೆ?"

"ಏನಾಗಿಲ್ಲ ಅದಕ್ಕೆ!"

ಇಬ್ಬರೂ ಕೋಟಿನ ಮೇಲೆ ಜಗಳಕ್ಕೆ ಬಿದ್ದರು. ವೇದವತಿ ಪತ್ರಿಕೆಯನ್ನು ಮೊದಲ ಸಾಲಿಗೆ ತಂದು, ಅವರು ಮುಗಿಸಲೆಂದು ನಗುತ್ತ ಕಾದಳು.