ಎದುರು ಸಿಕ್ಕವರ ಪಾಲು

ಮೂರು ಸಲ ಸಿಡಿಸುವಷ್ಟು ಕೋವಿಮದ್ದು ಉಳಿದಿತ್ತು. ಮದ್ದಿನ ಕೊಂಬನ್ನು ತಲೆಕೆಳಗು ಮಾಡಿ ಬಡಿದರೂ ನಾಲ್ಕನೆಯದಕ್ಕೆ ಒಂದು ಚಿಟಿಕೆ ಉದುರಲಿಲ್ಲ. ಸಾರ್ಸೆನ್ ಮುದುಕ ಅದನ್ನು ಬೆರಳಲ್ಲೇ ತಡವಿ ಮೂರು ಪಾಲು ಮಾಡಿ, ಸೀಸದ ಚೂರುಗಳ ಜೊತೆ ಮೂರು ಚಿಂದಿಯಲ್ಲಿ ಕಟ್ಟಿ ಸೊಸೆಯ ಕೈಗಿಟ್ಟ.

"ಮೂರು ಮೊಲ ತಾ ಅಂತ ನಾನೇನೂ ಹೇಳಲ್ಲ ತಾಯಿ. ಒಂದು ತಾ ಸಾಕು. ಉಳಿದೆರಡು ನಿನ್ನ ದಡ್ಡತನಕ್ಕೆ ಇಟ್ಕೊ."

ಕುನ್ಸುಲು ಹುಟ್ಟಿದಾಗಿನಿಂದ ಕೋವಿ ಮುಟ್ಟಿದವಳಲ್ಲ. ಉಣ್ಣೆ ಬಡಿದು ಹಾಸು ಮಾಡು ಎಂದರೆ ಮೂರು ಹಳ್ಳಿಗೆ ಅವಳೇ ಮೊದಲು; ಕುದುರೆ ಹಾಲು ಕರೆಯುವುದರಲ್ಲಿ ಅತ್ತೆಯನ್ನೇ ಮೀರಿಸಿದವಳು. ಆದರೆ ಈಗ ಬಡಿಯಲು ಉಣ್ಣೆಯಿಲ್ಲ, ಕರೆಯಲು ಕುದುರೆಯಿಲ್ಲ. ಚಳಿಗೆ ಮುಂಚೆ ಸರ್ಕಾರದ ಕಾಗದ ಹಿಡಿದುಕೊಂಡು ನಾಲ್ಕು ಜನ ಬಂದರು, ಕುರಿಗಳನ್ನೆಲ್ಲ ಹೊಡೆದುಕೊಂಡು ಹೋದರು. ಆ ಕುರಿಗಳು ಯಾರ ಹೊಟ್ಟೆಗಾದರೂ ಹೋದವೋ ಎಂದರೆ ಅದೂ ಇಲ್ಲ. ರೈಲು ನಿಲ್ದಾಣದ ಬೇಲಿಯೊಳಗೆ ಮೇವಿಲ್ಲದೆ ಸತ್ತವಂತೆ. ಕಾಗದ ಬಲ್ಲವರಿಗೆ ಕುರಿ ಮೇಯಿಸಲು ಬರುವುದಿಲ್ಲ ಎನ್ನುವುದು ಕುರಿಗೇನು ಗೊತ್ತು? ಉಳಿದೊಂದು ಕುದುರೆಯನ್ನು ಮನೆಯವರೇ ತಿಂದು ಮುಗಿಸಿ ಆರು ವಾರವಾಗಿತ್ತು. ಧಾನ್ಯ ತರುತ್ತೇನೆಂದು ರೈಲುದಾರಿಯ ಕಡೆ ಹೋದ ಗಂಡ ನಲವತ್ತು ದಿನವಾದರೂ ಬಂದಿರಲಿಲ್ಲ. ಚಳಿಗಾಲದ ಆ ಮಣ್ಣಿನ ಮನೆಯಲ್ಲಿ ಉಳಿದವರು ಮೂವರು: ಅವಳು, ಕಣ್ಣಿಗೆ ಪೊರೆ ಬಂದ ಮಾವ, ನಾಲ್ಕು ವರ್ಷದ ಮಗಳು ಬಿಬಿಶ್.

ಹಸಿವು ಎಂದು ಅಳುವ ಮಗು ಬದುಕುವ ಮಗು. ಬಿಬಿಶ್ ಅಳು ನಿಲ್ಲಿಸಿ ಎರಡು ದಿನವಾಗಿತ್ತು.

ಸಾರ್ಸೆನ್ ಒಂದು ಕಾಲಕ್ಕೆ ಆ ಸೀಮೆಗೆಲ್ಲ ಹೆಸರಾದ ಬೇಟೆಗಾರ. ಅವನ ಬತ್ತಿ ಕೋವಿಯನ್ನು ಕಾಗದದವರಿಗೆ ಸಿಗದಂತೆ ಒಲೆಯ ಹಿಂದಿನ ಗೋಡೆಯಲ್ಲಿಟ್ಟು ಮಣ್ಣು ಮೆತ್ತಿದ್ದರು. ಈಗ ಗೋಡೆ ಒಡೆದು ತೆಗೆದಾಗ ಅದು ಕುನ್ಸುಲುವಿಗಿಂತ ಒಂದು ಗೇಣು ಮಾತ್ರ ಗಿಡ್ಡವಿತ್ತು.

"ಮೊಲ ಹಗಲು ಮಲಗಿರುತ್ತೆ, ಪೊದೆ ಬುಡದಲ್ಲಿ, ಗಾಳಿ ತಾಕದ ಕಡೆ" ಎಂದ ಮುದುಕ. "ಹೆಜ್ಜೆ ಹಿಡ್ಕೊಂಡು ಹೋಗು. ಆದ್ರೆ ನೇರ ಅದರ ಮೇಲೆ ಹೋಗಬೇಡ. ನಿನ್ನ ಪಾಡಿಗೆ ನೀನು ಸೌದೆಗೆ ಹೊರಟೋಳ ಹಂಗೆ ಪಕ್ಕದಲ್ಲಿ ಹಾದು ಹೋಗು. ಸುತ್ತು ಹಾಕು. ಸುತ್ತು ಚಿಕ್ಕದು ಮಾಡ್ಕೊಂತ ಬಾ. ಅದರ ಕಣ್ಣಲ್ಲಿ ಕಣ್ಣಿಡಬೇಡ. ನೀನು ನಡೀತಾ ಇರೋವರೆಗೂ ಅದು ಕೂತಿರುತ್ತೆ. ನಿಂತೆಯೋ, ಹಾರಿತು."

"ನಿಲ್ಲದೇನೆ ಹೊಡೆಯೋದು ಹೆಂಗೆ ಮಾವ? ಕೋವಿಗೆ ಆನಿಕೆಯ ಕವೆಗೋಲು ಊರಬೇಕಲ್ಲ, ಬತ್ತಿ ತಾಗಿಸಬೇಕಲ್ಲ?"

"ಅದೇ ಬೇಟೆ" ಮುದುಕ ಹಲ್ಲು ಬಿಟ್ಟ. "ಅದಕ್ಕೇ ಎಲ್ಲಾರೂ ಕುರಿ ಸಾಕ್ತಾರೆ."

ಬಾಗಿಲ ತನಕ ಹೋದವಳನ್ನು ಮತ್ತೆ ಕರೆದ. "ಇನ್ನೊಂದು ಮಾತು. ಮೊದಲ ಬೇಟೆ ಬೇಟೆಗಾರನದಲ್ಲ. ದಾರೀಲಿ ಎದುರಿಗೆ ಸಿಕ್ಕವರು 'ಶಿರಾಲ್ಗಾ' ಅಂದ್ರೆ ಸೊಂಟದಿಂದ ಬಿಚ್ಚಿ ಕೊಡಬೇಕು. ನನ್ನ ಮೊದಲ ನರೀನ ಒಬ್ಬ ಕುಂಟ ಮುದುಕನಿಗೆ ಕೊಟ್ಟೆ. ಅಳ್ತಾ ಕೊಟ್ಟೆ, ಆದ್ರೆ ಕೊಟ್ಟೆ."

"ಇಂಥಾ ಕಾಲದಲ್ಲೂನಾ ಮಾವ?"

"ಯಾವ ಕಾಲದಲ್ಲಿ ಅಂತ ಹಿರಿಯರು ಹೇಳಿಲ್ಲ ತಾಯಿ."

ಈ ಹಾಳು ಬಯಲಲ್ಲಿ ಎದುರಿಗೆ ಬರಲು ಯಾರು ಉಳಿದಿದ್ದಾರೆ ಎಂದುಕೊಂಡು ಅವಳು ಹೊರಟಳು.

ಮೊದಲ ದಿನ ಮಧ್ಯಾಹ್ನದೊಳಗೆ ಮೊಲ ಕಂಡಿತು. ಸಕ್ಸೌಲ್ ಪೊದೆಯ ಬುಡದಲ್ಲಿ ಮಣ್ಣಿನ ಹೆಂಟೆಯ ಹಾಗೆ ಕೂತಿತ್ತು. ಕಣ್ಣು ಮಾತ್ರ ಮಣ್ಣಾಗಿರಲಿಲ್ಲ. ಅವಳು ಸುತ್ತು ಹಾಕಿದಳು. ಎರಡನೇ ಸುತ್ತಿಗೇ ಇನ್ನು ತಡೆಯಲಾರೆ ಎನಿಸಿ ನಿಂತುಬಿಟ್ಟಳು. ಕವೆಗೋಲು ಹಿಮಕ್ಕೆ ತಾಗುವುದರೊಳಗೆ ಪೊದೆಯ ಬುಡ ಬರಿದಾಗಿತ್ತು. ಸಿಟ್ಟಿಗೆ, ಓಡುವ ಮೊಲದ ಬೆನ್ನಿಗೆ ಬತ್ತಿ ತಾಗಿಸಿದಳು. ಕೋವಿ ಭುಜಕ್ಕೆ ಒದ್ದು ಅವಳನ್ನು ಹಿಂದಕ್ಕೆ ಕೆಡವಿತು.

"ಒಂದು ಸದ್ದು ಕೇಳ್ತು. ಏನನ್ನ ಹೊಡೆದೆ?" ಎಂದ ಮಾವ.

"ಬಯಲನ್ನ."

"ಸತ್ತಿತಾ?"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಆವತ್ತು ಬೂಟಿನ ತೊಗಲು ಕುದಿಸಿದ ನೀರನ್ನು ಬಿಬಿಶಳ ತುಟಿಗೆ ಹಚ್ಚಿದಳು. ಮಗು ನುಂಗಿತು, ಕಣ್ಣು ತೆರೆಯಲಿಲ್ಲ.

ಎರಡನೆಯ ದಿನ ನಿಂತು ಕೆಡಿಸಲಿಲ್ಲ, ಗಾಳಿ ಕೆಡಿಸಿತು. ಸುತ್ತು ಸರಿಯಾಗಿತ್ತು, ಕವೆಗೋಲು ಸರಿಯಾಗಿತ್ತು, ಮೊಲ ಹದಿನೈದು ಹೆಜ್ಜೆಯಲ್ಲಿ ಕಿವಿ ಮಡಿಸಿ ಕೂತಿತ್ತು. ಬತ್ತಿ ಇಳಿಸಿದಳು. ಬತ್ತಿ ತಾಗುವ ಕಡೆ, ಕೋವಿಯ ಕಿವಿಯ ಮೇಲಿನ ಮದ್ದನ್ನು ಗಾಳಿ ಯಾವಾಗಲೋ ಊದಿಕೊಂಡು ಹೋಗಿತ್ತು. ಗಾಬರಿಯಲ್ಲಿ ಮತ್ತೆ ಮದ್ದು ಸುರಿಯಲು ಹೋದಳು, ಬತ್ತಿಯ ಕಿಡಿ ಚಿಂದಿಗೇ ಬಿತ್ತು. ಬುಸ್ ಎಂದು ಒಂದು ಪಾಲು ಅವಳ ಕೈಯಲ್ಲೇ ಉರಿದುಹೋಯಿತು, ಅಂಗೈ ಬೆಂದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಮದ ಮೇಲೆ ಕೂತು ಆ ಸುಟ್ಟ ಕೈಯಿಂದಲೇ ನೆಲವನ್ನು ಗುದ್ದಿದಳು. ದೇವರನ್ನು ಬೈದಳು, ಗಂಡನನ್ನು ಬೈದಳು, ಕೊನೆಗೆ ಮೊಲವನ್ನು ಬೈದಳು.

ಆ ಸಂಜೆ ಸುಟ್ಟ ವಾಸನೆಗೇ ಮಾವನಿಗೆ ಗೊತ್ತಾಯಿತು. ಅವಳ ಅಂಗೈಯನ್ನು ಹುಡುಕಿ ಹಿಡಿದು ಅದರ ಮೇಲೆ ತಣ್ಣನೆಯ ಬೂದಿ ಹಚ್ಚಿದ. "ನಾಳೆ ಬೇಟೆಗೆ ಹೋಗಬೇಡ" ಎಂದ. "ಸೌದೆಗೆ ಹೋಗು. ನಿಜವಾಗ್ಲೂ ಸೌದೆಗೇ ಹೋಗು. ಕೋವಿ ಸುಮ್ನೆ ಜೊತೇಲಿರಲಿ. ಮೊಲಕ್ಕೆ ನಿನ್ನ ಆಸೆಯ ವಾಸನೆ ಹೊಡೀತಿದೆ."

ಮೂರನೆಯ ದಿನ ಅವಳು ಸೌದೆಗೇ ಹೋದಳು. ಒಣ ಕಡ್ಡಿ ಮುರಿಯುತ್ತಾ, ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾ, ಬಿಬಿಶಳನ್ನು ತೂಗುವಾಗ ಗುನುಗುವ ಜೋಗುಳವನ್ನೇ ಗುನುಗುತ್ತಾ ನಡೆದಳು. ಹೆಜ್ಜೆ ಕಂಡಿತು, ಮುಂದೆ ಹೋದ ಹೆಜ್ಜೆಯ ಮೇಲೇ ಮೊಲ ಹಿಂದೆ ಬಂದಿತ್ತು, ಅಲ್ಲಿಂದ ಒಂದೇ ನೆಗೆತಕ್ಕೆ ಪಕ್ಕದ ಪೊದೆ ಸೇರಿತ್ತು. ಅವಳು ನೋಡಲಿಲ್ಲ, ನೋಡದೆಯೇ ಕಂಡಳು. ಮೂರು ಸುತ್ತು, ನಾಲ್ಕು ಸುತ್ತು. ಕವೆಗೋಲು ಊರುವಾಗಲೂ ಮೈಯನ್ನು ಆ ಕಡೆ ಈ ಕಡೆ ತೂಗುತ್ತಲೇ ಇದ್ದಳು, ಮಂಡಿಯೂರುವಾಗಲೂ ಜೋಗುಳ ನಿಲ್ಲಿಸಲಿಲ್ಲ. ಬೆರಳು ಅಡ್ಡ ಹಿಡಿದು ಗಾಳಿಯಿಂದ ಮದ್ದು ಕಾಯ್ದಳು. ಮೊಲದ ಕಿವಿ ಬೆನ್ನಿಗಂಟಿಕೊಂಡೇ ಇತ್ತು. ಬತ್ತಿ ಇಳಿಯಿತು.

ಹೊಗೆ ಕರಗುವ ಮುಂಚೆಯೇ ಓಡಿ ಹೋಗಿ ಅದರ ಮೇಲೆ ಬಿದ್ದಳು. ಇನ್ನೂ ಒದ್ದಾಡುತ್ತಿತ್ತು. ದೇವರ ಹೆಸರು ಹೇಳಿ ಕತ್ತು ಕೊಯ್ದಳು. ಆಮೇಲೆ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅದರ ಬಿಸಿ ಅವಳ ಅಂಗಿಯನ್ನು ದಾಟಿ ಮೈಗೆ ತಾಗಿತು. ಬಿಬಿಶ್ ಬದುಕಿದಳು ಎಂದುಕೊಂಡಳು.

ಮೊಲವನ್ನು ಸೊಂಟಕ್ಕೆ ಕಟ್ಟಿ ಇಳಿಜಾರು ಇಳಿಯುವಾಗ ಎದುರಿಗೆ ಅವನು ಕಂಡ.

ವಯಸ್ಸಾದವನು. ಎತ್ತರದ ಆಳು, ಬಾಗಿದ್ದ. ಯಾವುದೋ ದೂರದ ಊರಿನವನಿರಬೇಕು, ಟೋಪಿಯ ಹೊಲಿಗೆ ಈ ಕಡೆಯದಲ್ಲ. ಎರಡು ಕೈಯಲ್ಲೂ ಒಂದೇ ಕೋಲನ್ನು ಹಿಡಿದು, ಕೋಲನ್ನು ಮುಂದಿಟ್ಟು, ಆಮೇಲೆ ಕಾಲನ್ನು ಅದರ ಹತ್ತಿರಕ್ಕೆ ತರುತ್ತಿದ್ದ. ಅವಳ ಸೊಂಟದ ಕಡೆ ನೋಡಿ ನಿಂತ. ನೆಟ್ಟಗಾಗಲು ನೋಡಿದ. ಹಸಿದ ನಾಯಿಯ ಹಾಗೆ ಮೇಲೆ ಬಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು; ಅವನು ಎದೆಯ ಮೇಲೆ ಕೈಯಿಟ್ಟು ಮರ್ಯಾದೆಯಿಂದ ತಲೆಬಾಗಿದ.

"ಒಳ್ಳೇದಾಗ್ಲಿ ಮಗಳೇ. ಶಿರಾಲ್ಗಾ."

ಕುನ್ಸುಲು ನಿಲ್ಲಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಕಿವಿ ಕೇಳದವಳ ಹಾಗೆ, ಎದುರಿಗೆ ಯಾರೂ ಇಲ್ಲವೆನ್ನುವ ಹಾಗೆ ಅವನ ಪಕ್ಕದಲ್ಲೇ ಹಾದು ಹೋದಳು. ಕೇಳಿಸದ ಮಾತಿಗೆ ಯಾವ ಕಟ್ಟೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಮಗಳೇ" ಎಂದ ಅವನು ಹಿಂದಿನಿಂದ, ಇನ್ನೂ ಸ್ವಲ್ಪ ಜೋರಾಗಿ. "ಶಿರಾಲ್ಗಾ ಅಂದೆ."

ಅವಳು ಓಡಿದಳು. ಮೂರನೆಯ ಸಲ ಅವನು ಕೂಗಲಿಲ್ಲ.

ಮನೆಯಲ್ಲಿ ಬೆಂಕಿ ಹೊತ್ತಿತು, ಗಡಿಗೆ ಕುದಿಯಿತು. ಮಾಂಸದ ಸಾರಿನ ವಾಸನೆಗೆ ಬಿಬಿಶಳ ಮೂಗು ಅರಳಿತು, ಆಮೇಲೆ ಕಣ್ಣು ತೆರೆಯಿತು. ಚಮಚ ಚಮಚವಾಗಿ ಕುಡಿಸಿದಳು. ಹತ್ತನೇ ಚಮಚಕ್ಕೆ ಮಗು ಅತ್ತಿತು, ಇನ್ನೂ ಬೇಕೆಂದು ಅತ್ತಿತು. ಆ ಅಳು ಕೇಳಿ ಮುದುಕ ಅಂಗೈಯಿಂದ ಮುಖ ಒರೆಸಿಕೊಂಡ.

ಅವನ ಪಾಲನ್ನು ಬಟ್ಟಲಿಗೆ ಹಾಕಿಕೊಟ್ಟಳು. ಅವನು ಬಾಯಿಗೆ ತರುವ ಮುಂಚೆ ಕೇಳಿದ.

"ದಾರೀಲಿ ಯಾರಾದ್ರೂ ಸಿಕ್ಕರಾ?"

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಅಳು. ಎಲ್ಲ ಹೇಳಿದಳು: ಕೋಲು, ಟೋಪಿ, ಎದೆಯ ಮೇಲಿನ ಕೈ, ಎರಡು ಸಲ ಕೂಗಿದ್ದು.

ಸಾರ್ಸೆನ್ ಬಟ್ಟಲನ್ನು ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಗು ತಿಂದದ್ದು ಮಗುವಿನದು. ನೀನು ತಿಂದದ್ದು ನಿಂದು. ಇದು ನಂದಲ್ಲ, ಆ ಯಜಮಾನಂದು. ಇನ್ನೂ ಬೆಳಕಿದೆ, ತಗೊಂಡು ಹೋಗು."

"ಮಾವ, ನೀವು ತಿಂದು ಐದು ದಿನ ಆಯ್ತು..."

"ನಾನು ಎಪ್ಪತ್ತು ವರ್ಷ ತಿಂದಾಯ್ತು. ಹೋಗು ತಾಯಿ."

ಹಿಂಗಾಲು, ಬೆನ್ನಿನ ಮಾಂಸ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಎದೆಯೊಳಗಿಟ್ಟುಕೊಂಡು ಹೋದಳು. ಸೂರ್ಯ ಇನ್ನೂ ದಿಬ್ಬದ ಮೇಲಿದ್ದ. ಅವನ ಕೋಲಿನ ಗುರುತು ಅವಳ ಹೆಜ್ಜೆಯ ಹಿಂದೆಯೇ ಬಂದಿತ್ತು. ಅವಳು ಓಡಿದ ಕಡೆ ಅವನೂ ಓಡಲು ನೋಡಿದ್ದ, ಒಂದು ಕಡೆ ಬಿದ್ದಿದ್ದ, ಮತ್ತೆ ಎದ್ದಿದ್ದ. ಅವರ ಮನೆಯ ಹೊಗೆ ಕಾಣುವಷ್ಟು ಹತ್ತಿರ ಬಂದು, ಒಂದು ಪೊದೆಗೆ ಬೆನ್ನು ಕೊಟ್ಟು ಕೂತಿದ್ದ. ಕೋಲು ತೊಡೆಯ ಮೇಲಿತ್ತು. ಕಣ್ಣು ಆ ಹೊಗೆಯ ಕಡೆಗೇ ತೆರೆದಿತ್ತು.

"ಯಜಮಾನರೇ, ತಗೊಳ್ಳಿ" ಎಂದಳು. "ನಿಮ್ಮದೇ. ನನಗೆ ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು."

ಮಾಂಸದ ಚೂರನ್ನು ಅವನ ತುಟಿಗೆ ಹಿಡಿದಳು. ತುಟಿ ಗಟ್ಟಿಯಾಗಿತ್ತು. ಅವನ ಗಡ್ಡಕ್ಕೆ ಕಟ್ಟಿದ ಮಂಜು ಉಸಿರಿಗೆ ಅಲುಗಲಿಲ್ಲ. ಆದರೂ ಅವಳು ಹಿಡಿದೇ ಇದ್ದಳು, ತುಂಬ ಹೊತ್ತು. ಆಮೇಲೆ ತನಗೆ ಬರುತ್ತಿದ್ದ ಎರಡು ಸಾಲು ಪ್ರಾರ್ಥನೆ ಹೇಳಿ, ಕಣ್ಣು ಮುಚ್ಚಿಸಿ, ಕಲ್ಲಿನಂತಿದ್ದ ನೆಲ ಅಗೆಯಲಾರದೆ ಕೈಯಿಂದಲೇ ಹಿಮ ಎಳೆದು ಮೇಲೆ ಹಾಕಿದಳು.

ಮಾಂಸವನ್ನು ಮನೆಯೊಳಗೆ ತರಲು ಧೈರ್ಯ ಬರಲಿಲ್ಲ. ಬಾಗಿಲ ಪಕ್ಕದ ಹಿಮದಲ್ಲಿ ಹೂತಿಟ್ಟು ಒಳಗೆ ಹೋದಳು.

"ತಗೊಂಡ್ರಾ?"

"ತಗೊಂಡ್ರು ಮಾವ."

"ಯಾರ ಪೈಕಿಯಂತೆ? ಯಾವ ಕುಲ?"

"ಕೇಳಲಿಲ್ಲ. ಬೇಗ ಹೊರಟುಹೋದ್ರು."

"ಹರಸಿದ್ರಾ?"

"ಹರಸಿದ್ರು. ನಿನ್ನ ಮಗು ಬದುಕಲಿ ಅಂದ್ರು."

ಮುದುಕ ಎರಡೂ ಅಂಗೈಯನ್ನು ಮುಖದ ಮೇಲೆ ಎಳೆದುಕೊಂಡು ಆಮೀನ್ ಎಂದ. ಆ ರಾತ್ರಿ ನೆಮ್ಮದಿಯಿಂದ ಮಲಗಿದ. ಅವಳಿಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನ ಅವನು ಏಳಲಿಲ್ಲ. ಅದರ ಮಾರನೆಯ ದಿನ ಮಾತು ತೊದಲಿತು. ಗಡಿಗೆಯಲ್ಲಿ ಉಳಿದಿದ್ದ ಸಾರನ್ನು ಕೊಟ್ಟರೆ ಮಗುವಿಗೆ ಎಂದು ಕೈಯಿಂದ ತಳ್ಳಿದ. ಗೋಡೆಯ ಆ ಕಡೆ, ಒಂದು ಮಾರು ದೂರದಲ್ಲಿ, ಹಿಮದಡಿಯಲ್ಲಿ ಮಾಂಸವಿತ್ತು. ಕುನ್ಸುಲು ಹೊರಗೆ ಹೋಗಿ ನಿಂತಳು, ಒಳಗೆ ಬಂದಳು, ಮತ್ತೆ ಹೊರಗೆ ಹೋದಳು. ಸತ್ತವರ ಪಾಲು ತಿಂದರೆ ಪಾಪ. ಮಾವನನ್ನು ಸಾಯಲು ಬಿಟ್ಟರೆ ಅದು ಇನ್ನೇನು? ಒಂದು ಸಾವನ್ನು ಆಗಲೇ ಕೊರಳಿಗೆ ಕಟ್ಟಿಕೊಂಡಾಗಿತ್ತು. ಇನ್ನೊಂದನ್ನು ಹೊರಲಾರೆ ಎನಿಸಿತು.

"ಮಾವ! ನಿನ್ನೆ ಕುದುರೆ ಕೂದಲಿನ ಉರುಲು ಇಟ್ಟಿದ್ದೆ, ಒಂದು ಮೊಲ ಬಿದ್ದಿದೆ!" ಎಂದು ಬಾಗಿಲಿನಿಂದಲೇ ಕೂಗಿದಳು. ಧ್ವನಿಗೆ ಖುಷಿ ತುಂಬಲು ಅವಳು ಪಟ್ಟ ಪಾಡು ಆ ದೇವರಿಗೇ ಗೊತ್ತು.

ಮಾಂಸವನ್ನು ಮತ್ತೆ ಕುದಿಸಿ, ಚೂರು ಮಾಡಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನಿಸಿದಳು. ಮೊದಲ ತುತ್ತನ್ನು ನುಂಗಿದ. ಎರಡನೆಯದನ್ನು ನುಂಗಿದ. ಬಣ್ಣ ಸ್ವಲ್ಪ ಬಂದ ಹಾಗಾಯಿತು. ಮೂರನೆಯದನ್ನು ಅಗಿಯುವಾಗ ಅವನ ಹಲ್ಲಿನ ನಡುವೆ ಏನೋ ಕಟಕ್ ಎಂದಿತು.

ದವಡೆ ನಿಂತಿತು. ನಾಲಿಗೆಯ ತುದಿಯಿಂದ ಅದನ್ನು ತುಟಿಗೆ ತಂದು, ಬೆರಳಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಸೀಸದ ಚೂರು. ಉರುಲಿಗೆ ಬಿದ್ದ ಮೊಲದೊಳಗೆ ಅದು ಬರಲು ಯಾವ ದಾರಿಯೂ ಇಲ್ಲವೆನ್ನುವುದು ಅವನಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಅವನು ಕುರುಡು ಕಣ್ಣನ್ನು ಅವಳ ಮುಖದ ಕಡೆ ತಿರುಗಿಸಿದ. ಮೂಲೆಯಲ್ಲಿ ಬಿಬಿಶ್ ಮೂಳೆ ಚೀಪುತ್ತಿದ್ದ ಸದ್ದು ಮಾತ್ರ ಇತ್ತು.

"ಈ ಸಲ ದಾರೀಲಿ ಯಾರೂ ಸಿಗಲಿಲ್ವಾ?" ಎಂದ.

"ಇಲ್ಲ ಮಾವ. ಯಾರೂ ಇರಲಿಲ್ಲ."

ಅವನ ಕಣ್ಣಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಇನ್ನೊಂದು ತುತ್ತು ಹಾಕು ತಾಯಿ" ಎಂದು ಬಾಯಿ ತೆರೆದ.