ಒಂಬತ್ತನೇ ಸಾರಂಗದ ಎಡ ಮಡ್ಗಾರ್ಡ್

ಶೆಟ್ಟಿಕೆರೆಯಲ್ಲಿ ಬಸ್ಸಿಳಿದ ಹಾಲಸ್ವಾಮಿ ತೋಟದ ದಾರಿಯನ್ನು ಯಾರನ್ನೂ ಕೇಳಲಿಲ್ಲ. ಹೋದ ವರ್ಷ ಗೆಳೆಯ ಲಕ್ಷ್ಮಯ್ಯ ತೀರಿಕೊಂಡಾಗ ಮಣ್ಣಿಗೆ ಬಂದು ಹೋದದ್ದು ಬಿಟ್ಟರೆ ಇತ್ತ ತಲೆ ಹಾಕಿ ಎಷ್ಟೋ ಕಾಲವಾಗಿತ್ತು. ಆದರೂ ಕಾಲು ದಾರಿ ಮರೆತಿರಲಿಲ್ಲ.

ಈಗ ಕರೆಸಿಕೊಂಡವಳು ಲಕ್ಷ್ಮಯ್ಯನ ಮಗಳು ಯಮುನಾ. ಅಪ್ಪನ ಕಾರು ಮಾರಿ, ಬಂದ ಹಣದಲ್ಲಿ ತೋಟದಲ್ಲೇ ಕೊಬ್ಬರಿ ಎಣ್ಣೆ ತೆಗೆಯುವ ಮೆಷಿನ್ ಹಾಕಬೇಕೆಂದು ಅವಳ ಆಸೆ. ಕೊಳ್ಳಲು ಬಂದವನು ಬೆಂಗಳೂರಿನ ಗಂಗಾಧರ್, ಹಳೇ ಕಾರುಗಳ ಹುಚ್ಚಿನವನು. ಕಾರು ಅಸಲಿಯೋ ನಕಲಿಯೋ ಹೇಳಲು ಇಬ್ಬರೂ ಒಪ್ಪಿದ ಮೂರನೆಯವನು ಹಾಲಸ್ವಾಮಿ.

ಒಪ್ಪದೆ ಏನು ಮಾಡುತ್ತಾರೆ? ಹಾಸನದಿಂದ ತುಮಕೂರಿನವರೆಗೆ ಎಲ್ಲೇ ಹಳೇ ಕಾರು ಕೈ ಬದಲಾಗಲಿ, ತಿಪಟೂರಿನ ಫೈಬರ್ ಹಾಲಸ್ವಾಮಿ ಬಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಕಾಯಿ ತಟ್ಟಿ ಒಳಗಿನ ಕೊಬ್ಬರಿ ಹೇಳುವ ಹಾಗೆ, ಬಾಡಿ ತಟ್ಟಿ ಎಲ್ಲಿ ತೇಪೆ, ಎಲ್ಲಿ ಪುಟ್ಟಿ ಎಂದು ಹೇಳುತ್ತಿದ್ದ. ಅವನ ಕೈಯಿಂದ ಕಳಪೆ ಮಾಲು ಹೋದದ್ದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಹೆಂಡತಿ ಹೋಗಿ, ಶೆಡ್ಡಿಗೆ ಬೀಗ ಬಿದ್ದ ಮೇಲೆ ಅವನಿಗೆ ಉಳಿದದ್ದು ಆ ಹೆಸರೊಂದೇ. ಹೆಸರಿಗೆ ಕೆಲಸವಿದ್ದ ದಿನ ಫೋನ್ ಬರುತ್ತಿತ್ತು. ಇಲ್ಲದ ದಿನ ಅದು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ಸುಮ್ಮನೆ ಮಲಗಿರುತ್ತಿತ್ತು.

ಕೊಬ್ಬರಿ ಮನೆಯ ಅಟ್ಟದ ತುಂಬ ಕಾಯಿ. ಕೆಳಗೆ, ಟಾರ್ಪಾಲು ಸರಿಸಿದಲ್ಲಿ, ಸಾರಂಗ ನಿಂತಿತ್ತು. ಇಬ್ಬರೇ ಕೂರುವ ಕುಳ್ಳ ಕಾರು, ತಗಡಿನ ಬದಲು ಫೈಬರ್ ಬಾಡಿ, ಕುಂಕುಮದ ಬಣ್ಣ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಣ್ಣ ಕಾರ್ಖಾನೆಯೊಂದು ಇಂಥವನ್ನು ಇಪ್ಪತ್ತೆರಡೇ ಮಾಡಿ ಬಾಗಿಲು ಹಾಕಿತ್ತು. ಲಕ್ಷ್ಮಯ್ಯ ಒಂಬತ್ತನೆಯದನ್ನು ಕೊಂಡು, ಪಂಚೆ ಎತ್ತಿ ಕಟ್ಟಿ, ಅದರೊಳಗೆ ಮಡಿಸಿಕೊಂಡು ಕೂತು ತಿಪಟೂರು ಮಂಡಿಗೆ ಬರುತ್ತಿದ್ದ.

"ಯಜಮಾನ್ರೇ, ನಂಬರ್ ಹೊಡೆದಿರೋ ತಗಡನ್ನ ನಾನು ನಂಬಲ್ಲ" ಎಂದ ಗಂಗಾಧರ್. "ಇದರ ಅಚ್ಚು ಆಮೇಲೆ ಯಾರದೋ ಕೈಗೆ ಸಿಕ್ಕಿತು. ಇಪ್ಪತ್ತೆರಡು ಕಾರು ಈಗ ನಲವತ್ತಾಗಿವೆ!"

"ಮರಿ ಹಾಕಿರ್ಬೇಕು ಬುಡಿ" ಎಂದ ಹಾಲಸ್ವಾಮಿ.

ಗಂಗಾಧರ್ ನಕ್ಕು, ಒಂದು ಜೆರಾಕ್ಸ್ ಹಾಳೆ ತೆಗೆದ. ಕಾರ್ಖಾನೆಯ ರಿಜಿಸ್ಟರಿನ ಪುಟ. "ನೋಡಿ, ಒಂಬತ್ತನೇ ಕಾರು, ತಿಪಟೂರು ಕಡೆಯದು. ಎಂಬತ್ತೈದನೇ ಇಸವಿ. ಎತ್ತಿನಗಾಡಿಯ ಮೂಕಿ ಹೊಡೆದು ಎಡಗಡೆ ಹಿಂದಿನ ಮಡ್ಗಾರ್ಡ್ ತೂತಾಗಿದೆ. ರೆಸಿನ್ ಅಂಟು ಕಳಿಸಿದೆ, ಫೈಬರ್ ಅಲ್ಲೇ ಕೊಳ್ಳಲು ತಿಳಿಸಿದೆ. ಇದು ಒಂಬತ್ತೇ ಆಗಿದ್ರೆ ಇಲ್ಲಿ ತೇಪೆ ಇರಬೇಕಲ್ಲ? ಲೈಟ್ ಬಿಟ್ಟು ನೋಡ್ದೆ. ಒಂದು ಗೀರೂ ಇಲ್ಲ. ಇದು ಆಮೇಲಿನ ಮಾಲು. ಅಸಲಿಗೆ ಮೂವತ್ತು ಲಕ್ಷ ಕೊಡ್ತೀನಿ, ಇದಕ್ಕೆ ಮೂರರ ಮೇಲೆ ಏಳಲ್ಲ."

"ಮಾವ, ನೀವೇ ಅಲ್ವಾ ಆವತ್ತು ರಿಪೇರಿ ಮಾಡಿದ್ದು? ಹೇಳಿ ಮತ್ತೆ" ಎಂದಳು ಯಮುನಾ.

"ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ, ನೀವೂ ಅವರೂ ಬಳಕೆಯವರು. ತೇಪೆ ತೋರಿಸ್ಲಿ" ಎಂದ ಗಂಗಾಧರ್.

ಹಾಲಸ್ವಾಮಿ ಬಗ್ಗಿ ಎಡ ಮಡ್ಗಾರ್ಡನ್ನು ತಟ್ಟಿದ. ಟಕ್, ಟಕ್ ಎನ್ನುತ್ತಾ ಬಂದ ಸದ್ದು ಒಂದು ಅಂಗೈಯಗಲದಲ್ಲಿ ದಬ್ ಎಂದಿತು. ಗಂಗಾಧರನಿಗೆ ಅದು ಕೇಳಿಸಲಿಲ್ಲ. ಹಾಲಸ್ವಾಮಿಗೆ ಎದೆಯೊಳಗೇ ಕೇಳಿಸಿತು.

ಅಂದು ರೆಸಿನ್ ಡಬ್ಬದ ಜೊತೆ ಬಂದ ಚೀಟಿ ಹಿಡಿದು, ಫೈಬರ್ ಅಂದರೇನೆಂದು ಹೈಸ್ಕೂಲು ಓದಿದವರೊಬ್ಬರನ್ನು ಕೇಳಿದ್ದ. ನಾರು ಕಣಯ್ಯ, ಅಂದಿದ್ದರು. ಈ ಸೀಮೆಯಲ್ಲಿ ನಾರಿಗೇನು ಬರ? ಮಟ್ಟೆ ನೆನೆಹಾಕುವ ಗುಂಡಿಯಿಂದ ಒಂದು ಹಿಡಿ ತೆಂಗಿನ ನಾರು ತಂದು, ತೊಳೆದು, ಒಣಗಿಸಿ, ಬಾಚಣಿಗೆಯಲ್ಲಿ ಬಾಚಿ, ರೆಸಿನ್ನಿನಲ್ಲಿ ಅದ್ದಿ ತೂತು ಮುಚ್ಚಿ, ಎಂಟು ದಿನ ಉಜ್ಜಿದ್ದ. ತೇಪೆ ಎಲ್ಲಿದೆ ಎಂದು ಯಾರಿಗೂ ಕಾಣಲಿಲ್ಲ. ಮೂರು ವರ್ಷದ ಮೇಲೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಗಾಜಿನ ನಾರಿನ ಬಿಳಿ ಚಾಪೆ ನೋಡಿದಾಗಲೇ ಕಾರಿನ ಫೈಬರ್ ಅಂದರೆ ಅದು ಎಂದು ಗೊತ್ತಾದದ್ದು. ಅಷ್ಟರಲ್ಲಿ ಲಕ್ಷ್ಮಯ್ಯ ಊರೆಲ್ಲ ಡಂಗುರ ಹೊಡೆದು ಅವನನ್ನು ಫೈಬರ್ ಹಾಲಸ್ವಾಮಿ ಮಾಡಿಬಿಟ್ಟಿದ್ದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ವಾರಕ್ಕೊಮ್ಮೆ ಶೆಟ್ಟಿಕೆರೆಗೆ ಬರುತ್ತಿದ್ದವನು ತಿಂಗಳಿಗೊಮ್ಮೆಯಾದ, ಆಮೇಲೆ ಹಬ್ಬಕ್ಕೊಮ್ಮೆ. ಬಂದಾಗಲೆಲ್ಲ ಲಕ್ಷ್ಮಯ್ಯ ನೆಂಟರನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ "ಎಲ್ಲಿ ಒಡೆದಿತ್ತು ಹೇಳ್ರಿ ನೋಡಾನ" ಎಂದು ಸವಾಲು ಹಾಕುತ್ತಿದ್ದ. ಅದನ್ನು ಕೇಳಿಸಿಕೊಂಡು ನಿಲ್ಲುವುದು ಹಾಲಸ್ವಾಮಿಯಿಂದ ಆಗುತ್ತಿರಲಿಲ್ಲ. ಕೊನೆಗೆ ಬರುವುದನ್ನೇ ಬಿಟ್ಟ.

ಈಗ ಬಾಯಿ ಮುಚ್ಚಿಕೊಂಡು ಹೋದರೆ ಹೆಸರು ಉಳಿಯುತ್ತದೆ, ಲಕ್ಷ್ಮಯ್ಯನ ಕಾರು ನಕಲಿಯಾಗುತ್ತದೆ. ಕೆರೆದು ತೋರಿಸಿದರೆ ಕಾರು ಉಳಿಯುತ್ತದೆ.

"ಯಮುನಾ, ಒಂದು ಚಾಕು ಕೊಡವ್ವ."

ಚಕ್ರದ ಮೇಲುಗಡೆ, ಒಳಮೈಯ ಕಪ್ಪು ಬಣ್ಣವನ್ನು ಕೆರೆದ. ಬಣ್ಣ ಹೋಯಿತು, ರೆಸಿನ್ನಿನ ಪುಡಿ ಉದುರಿತು, ಕಂದು ಎಳೆಗಳು ಹೊರಗೆ ಚಾಚಿಕೊಂಡವು. ಗಂಗಾಧರ್ ಮೊಬೈಲ್ ಲೈಟು ಹಿಡಿದು ತಲೆ ತೂರಿಸಿದ.

"ಇದೇನ್ರೀ ಇದು?"

"ತೆಂಗಿನ ನಾರು. ನಾನೇ ಹಾಕಿದ್ದು. ಫೈಬರ್ ಅಂದ್ರೆ ಇದೇ ಅನ್ಕೊಂಡಿದ್ದೆ."

ಗಂಗಾಧರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೆಟ್ಟ ಮನುಷ್ಯನಲ್ಲ, ನಗು ತಡೆಯಲಾಗಲಿಲ್ಲ ಅಷ್ಟೆ. "ಯಜಮಾನ್ರೇ, ಇದಕ್ಕಿಂತ ಸಾಕ್ಷಿ ಬೇಕಾ? ನಕಲಿ ಮಾಡೋನು ಎಲ್ಲಾ ಮಾಡ್ತಾನೆ, ಇದೊಂದು ಅವನಿಗೆ ಹೊಳೆಯಲ್ಲ! ಒಂಬತ್ತೇ ಇದು. ತೇಪೆಗೆ ಎರಡು ಮುರ್ಕೊಂಡು ಇಪ್ಪತ್ತೆಂಟು ಕೊಡ್ತೀನಿ. ಒಂದು ಹಾಳೇಲಿ ಬರೆದು ಸೈನ್ ಹಾಕ್ಕೊಡಿ."

ಹಾಲಸ್ವಾಮಿ ಬರೆದ. 'ನಾನೇ' ಎಂಬಲ್ಲಿ ಪೆನ್ನು ಸ್ವಲ್ಪ ತಡೆಯಿತು. ಗಂಗಾಧರ್ ವೀಡಿಯೊ ಮಾಡಿ ಕಾರಿನವರ ಗುಂಪಿಗೆಲ್ಲ ಕಳಿಸಿದ. ಹಾಲಸ್ವಾಮಿ ತೊಟ್ಟಿಯ ಹತ್ತಿರ ಕೈ ತೊಳೆಯುವಷ್ಟರಲ್ಲಿ ಫೋನ್ ಬಂತು, ಹಾಸನದಿಂದ. ಮುಂದಿನ ವಾರ ಒಂದು ಕಾರು ನೋಡಲು ಕರೆದಿದ್ದವರು. "ಬರೋದು ಬೇಡ ಬಿಡಿ, ಬೇರೆಯವರು ಸಿಕ್ಕವ್ರೆ" ಎಂದರು. ಹಿಂದೆ ಯಾರೋ ನಕ್ಕದ್ದು ಕೇಳಿಸಿತು.

ಕಾರನ್ನು ಲಾರಿಗೆ ಏರಿಸಿಕೊಂಡು ಹೋದ ಮೇಲೆ ಯಮುನಾ ಅವನ ಹತ್ತಿರ ಬಂದು ನಿಂತಳು.

"ಅಪ್ಪಂಗೆ ಗೊತ್ತಿತ್ತಾ ಮಾವ?"

"ಇಲ್ಲ ಕಣವ್ವ. ಹೇಳಾನ ಹೇಳಾನ ಅಂತಲೇ..."

"ಇದಕ್ಕೇನಾ ನೀವು ಮನೆಗೆ ಬರೋದು ಬಿಟ್ಟಿದ್ದು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾವೇ ಏನೋ ಅಂದ್ಬುಟ್ಟಿರ್ಬೇಕು ಅಂತ ಅಪ್ಪ ಕೊರಗ್ತಿದ್ರು. ಹೇಳಿದ್ರೆ ಬಿದ್ದು ಬಿದ್ದು ನಗ್ತಿದ್ರು ಮಾವ. ವರ್ಷಗಟ್ಟಲೆ ನಗ್ತಿದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟ ಮಾಡ್ಕೊಂಡು ಹೋಗಿ, ಮುದ್ದೆ ತಿರುವ್ತೀನಿ" ಎಂದು ಒಳಗೆ ಹೋದಳು.

ಹಾಲಸ್ವಾಮಿ ಮತ್ತೆ ಕೊಬ್ಬರಿ ಮನೆಗೆ ಬಂದ. ಕಾರಿದ್ದ ಜಾಗದಲ್ಲಿ ನೆಲ ಮಾತ್ರ ಬೇರೆ ಬಣ್ಣಕ್ಕಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಗಂಟಲು ಸರಿಮಾಡಿಕೊಂಡ.

"ಲೋ ಲಕ್ಷ್ಮಯ್ಯ, ಅದು ತೆಂಗಿನ ನಾರು ಕಣ್ಲಾ" ಎಂದ.

ಹೇಳಿ, ಸ್ವಲ್ಪ ಹೊತ್ತು ಕಾದ.