ಒಂಬತ್ತನೇ ಚೌಕ

ಖಾಲಿ ಜಾಗವನ್ನೇ ಕುಟ್ಟುತ್ತಿದ್ದಾಳೆ ಮಗಳು, ಟಕ್ ಟಕ್ ಟಕ್, ಪರದೆಯ ಕೆಳಗಿನ ಮೂಲೆ, ಒಂಬತ್ತನೇ ಚೌಕ, ಮೊನ್ನೆಯವರೆಗೆ ಅಲ್ಲಿ ಕೆಂಪಗೆ ‘ಬೇಡ’ ಇತ್ತು, ಮುಟ್ಟಿದರೆ ಟ್ಯಾಬ್ಲೆಟ್ಟು ಗಟ್ಟಿಯಾಗಿ ಬೇಡ ಎನ್ನುತ್ತಿತ್ತು, ಈಗ ಬರೀ ಬೂದು — ನಾವೇ ತೆಗೆದ್ವಿ ಅಮ್ಮಾ, ಎನ್ನುತ್ತಾರೆ ಟೀಚರು, ಬಣ್ಣ ಕಲಿಯೋಣ್ವಾ ಅಂದ್ರೆ ಬೇಡ, ಎಣಿಸೋಣ್ವಾ ಅಂದ್ರೆ ಬೇಡ, ದಿನಾ ಅದೊಂದೇ ರಾಗ ಇತ್ತು, ಇನ್ನೂ ಎಂಟು ಇದಾವಲ್ಲ, ನೀರು, ಊಟ, ಆಟ, ಹಾಡು — ಇವೆ, ಎಂಟೂ ‘ಕೊಡಿ’ ಎಂದು ಕೇಳುವ ಮಾತುಗಳೇ, ತಡೆಯುವುದಕ್ಕೆ ಒಂದೂ ಇಲ್ಲ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ದಿನಕ್ಕೆ ಅರವತ್ತು ತೋಳು, ಮಕ್ಕಳು ಬೇಡ ಬೇಡ ಎಂದು ಕಿರುಚುತ್ತವೆ, ಚುಚ್ಚುತ್ತೇನೆ, ಆದರೆ ಬಾಯಿ ಮುಚ್ಚಿಸಿ ಚುಚ್ಚುವುದಿಲ್ಲ, ಇವಳಿಗೆ ಆ ಕಿರುಚಾಟವೂ ಇರಲಿಲ್ಲ, ಡಾಕ್ಟರು ಆಟಿಸಂ ಎಂದು ಬರೆದುಕೊಟ್ಟರು, ಏಳು ವರ್ಷ ಮಾತಿನ ಬದಲು ಮಣಿಕಟ್ಟು ಕಚ್ಚಿಕೊಂಡಳು, ಒಂದು ಗುರುತು ಮಾಗುವಷ್ಟರಲ್ಲಿ ಇನ್ನೊಂದು, ಹಟಮಾರಿ, ತಾಯಿಯಂತೆ ಮಗಳು ಎಂದರು ಅತ್ತೆ, ಹೂಂ ಅತ್ತೆ, ನೂಲಿನಂತೆ ಸೀರೆ, ನೂಲು ಆರಿಸಿ ತಂದವರು ನೀವೇ — ಟ್ಯಾಬ್ಲೆಟ್ಟಿಗೆ ಅವಳ ಪರವಾಗಿ ಮಾತಾಡುವ ಈ ಆಪ್ ಬಂದ ಮೂರನೇ ವಾರ, ತಲೆ ಬಾಚುತ್ತಿದ್ದೆ, ಬೇಡ ಒತ್ತಿದಳು, ಮೊದಲ ಬೇಡ ನನಗೇ, ಬಾಚಣಿಗೆ ಕೆಳಗಿಟ್ಟೆ, ಆಮೇಲೆ ಮಣಿಕಟ್ಟಿನ ಗಾಯ ಒಣಗಿತು. ನಿನ್ನೆ ಸಂಜೆ ಮತ್ತೆ ಹಸಿ ಗುರುತು, ಎರಡು ಸಾಲು ಹಲ್ಲು, ಇಗೋ ನೋಡಿ ಮೇಡಂ, ನೋಡಿದರು, ಕಣ್ಣು ತಪ್ಪಿಸಿದರು, ಎರಡು ವಾರ ತಡೀರಿ ಅಮ್ಮಾ, ಅಭ್ಯಾಸ ಆಗತ್ತೆ, ಆಗತ್ತೆ ಮೇಡಂ, ನನಗೆ ಅದರದ್ದೇ ಭಯ, ಪಾಸ್‌ವರ್ಡ್ ಹೇಳಿ, ಬೇಡ ನಾನೇ ವಾಪಸ್ ಹಾಕ್ತೀನಿ, ಹೆಡ್ ಮೇಡಂನ ಕೇಳ್ಬೇಕು, ಕೇಳಿ, ಕೂತಿರ್ತೀನಿ, ಎಷ್ಟೊತ್ತು ಕೂರ್ತೀರಾ, ನೀವು ಗೇಟು ಹಾಕೋವರೆಗೆ, ಆಮೇಲೆ ಗೇಟಿನ ಹೊರಗೆ — ಮುಖ ಗಂಟಿಕ್ಕಿ ನಾಲ್ಕು ಅಂಕಿ ಹೇಳಿದರು, ಒತ್ತಿದೆ, ಕೆಂಪು ಬಂತು, ಗೆದ್ದೆ, ಶಾಲೆ ಬಿಟ್ಟಾಗಿದೆ, ಎರಡಕ್ಕೆ ನನ್ನ ಪಾಳಿ, ಇವಳನ್ನು ಮನೆಗೆ ಮುಟ್ಟಿಸಿ ಓಡಬೇಕು, ನಡಿ ಪುಟ್ಟಿ, ಮನೆಗೆ ಹೋಗೋಣ, ಬೇಡ, ಎಂದಿತು ಟ್ಯಾಬ್ಲೆಟ್ಟು, ಕೈ ಹಿಡಿದೆ, ಬೇಡ, ಟೀಚರಿಗೆ ನಗು ತಡೆಯಲಾಗುತ್ತಿಲ್ಲ, ಈಗೇನ್ ಮಾಡ್ತೀರಾ ಅಮ್ಮಾ — ಎತ್ತಿಕೊಂಡು ಹೋಗಬಹುದು, ಇನ್ನೂ ಹಗುರ ಇದ್ದಾಳೆ, ಬಾಗಿಲವರೆಗೆ ಹತ್ತು ಹೆಜ್ಜೆ, ಯಾರೂ ಏನೂ ಅನ್ನುವುದಿಲ್ಲ, ತಾಯಿ ತಾನೇ — ಕೈ ಬಿಟ್ಟೆ, ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತೆ, ಪಾಳಿ ಹಾಳಾಗಲಿ, ನಗಲಿ ಇವರು, ಅವಳ ಮುಖ ಕಿಟಕಿಯ ಕಡೆಗೆ, ಬೆರಳು ಕೆಂಪಿನ ಮೇಲೆ, ಗಟ್ಟಿಯಾಗಿ ಒತ್ತಿ ಉಗುರು ಬೆಳ್ಳಗಾಗಿದೆ, ಬೆರಳು ಕೆಂಪಿನ ಮೇಲೆ, ಎತ್ತಿಲ್ಲ, ಇನ್ನೂ ಎತ್ತಿಲ್ಲ